ಹಳೇ ಯುದ್ಧದ ಚಿತ್ರ ಹಾಕಿ ಈಗಿನ ಹುಡುಗರನ್ನ ಯಾಕೆ ಕೆರಳಿಸ್ತಾರೆ? (ಓಬವ್ವನ ಪೋಸ್ಟರ್ ವಿಚಾರ)

ಕೋಟೆ ಕೆಳಗಿನವಳು | ಚಿತ್ರದುರ್ಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಐತೆ, ಓದಿ.

ನನ್ನ ಅಕ್ಕನ ಮಗ ಸೆಕೆಂಡ್ ಪಿಯು. ಅವನ ವಾಟ್ಸಾಪ್ ಸ್ಟೇಟಸ್‌ನಲ್ಲಿ ಓಬವ್ವನ ಚಿತ್ರ ಹಾಕಿದ್ದ. ನಾವು ನೋಡಿ ಬೆಳೆದ ಓಬವ್ವ ಅಲ್ಲ. ಕೈಯಲ್ಲಿ ಒನಕೆ ಇಲ್ಲ, ಉದ್ದನೆ ಕತ್ತಿ. ಎದೆಗೆ ಕಬ್ಬಿಣದ ಕವಚ, ಮುಖದ ತುಂಬಾ ರಕ್ತ, ಹಿಂದೆ ಕೋಟೆ ಹೊತ್ತಿ ಉರೀತಿದೆ. ಅವಳ ಕಾಲಡಿ ಬಿದ್ದಿರೋರು ಹೈದರನ ಕಾಲದ ಸೈನಿಕರಾ ಅಂದ್ರೆ ಅದೂ ಅಲ್ಲ. ಈಗಿನ ಜುಬ್ಬಾ, ಈಗಿನ ಟೋಪಿ, ಒಬ್ಬನ ಪಕ್ಕದಲ್ಲಿ ಮೊಬೈಲ್ ಬಿದ್ದಿದೆ! ಮೇಲೆ ‘1779 ಮುಗಿದಿಲ್ಲ’ ಅಂತ ದಪ್ಪಕ್ಷರ. ಕೆಳಗೆ ಮೂಲೇಲಿ ಯಾವುದೋ ಗುಂಪಿಗೆ ಸೇರೋ ಕ್ಯೂಆರ್ ಕೋಡ್.

ಓಬವ್ವ ಅಂದ್ರೆ ನನಗೆ ಪ್ರಾಣ. ಅದಕ್ಕೇ ಹೊಟ್ಟೆ ಉರೀತು. ಇಂಥವನ್ನ ಮಾಡೋರು ಯಾವಾಗಲೂ ಹಳೇ ಯುದ್ಧಾನೇ ಯಾಕೆ ಹಿಡ್ಕೊಳ್ತಾರೆ? ಬೇರೆ ದೇಶದಲ್ಲೂ ಹೀಗೇನಾ? ಹುಡುಗನ ಹತ್ರ ಹೇಗೆ ಮಾತಾಡ್ಲಿ? ಬಾಯಿ ತೆಗೆದ್ರೆ ‘ಚಿಕ್ಕಮ್ಮ, ನಿಂಗೆ ಇತಿಹಾಸ ಗೊತ್ತಿಲ್ಲ ಸುಮ್ನಿರು’ ಅಂತಾನೆ.

---

ದುರ್ಗದ ಹುಲಿ 77

ಇದರಲ್ಲಿ ತಪ್ಪೇನಿದೆ ಮೇಡಂ? ಹೈದರ ದುರ್ಗ ಹಿಡಿದಿದ್ದು ಸುಳ್ಳಾ? ಮದಕರಿನ ಸೆರೆ ಒಯ್ದಿದ್ದು ಸುಳ್ಳಾ? ಹುಡುಗರಿಗೆ ಗೊತ್ತಾಗ್ಲಿ ಬಿಡಿ.

---

ಜೋಗಿಮಟ್ಟಿ ಗಾಳಿ

ಗೊತ್ತಾಗ್ಲಿ ಅಂತ ಹಾಕಿದ್ರೆ ಕ್ಯೂಆರ್ ಕೋಡ್ ಯಾಕೆ ಗುರೂ?

---

ಹಳೇ ಮೇಷ್ಟ್ರು | ಹಿರಿಯೂರು

ಹುಲಿ ಅವರೇ, ಸುಳ್ಳಲ್ಲ. ನಾನು ಹೈಸ್ಕೂಲಲ್ಲಿ ಇತಿಹಾಸ ಪಾಠ ಮಾಡಿದವನು, ಮುಚ್ಚಿಡೋದು ಏನೂ ಇಲ್ಲ. 1779ರಲ್ಲಿ ದುರ್ಗ ಬಿತ್ತು. ಮದಕರಿ ನಾಯಕನನ್ನ ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು. ಊರಿನ ಸುಮಾರು 20,000 ಜನರನ್ನ ಆ ಕಡೆ ಸಾಗಿಸಿದರು, ಹುಡುಗರನ್ನ ‘ಚೇಲಾ’ ಅನ್ನೋ ಸೆರೆಯಾಳುಗಳ ಪಡೆಗೆ ಸೇರಿಸಿದರು ಅಂತ ಹಳೇ ಗೆಜೆಟಿಯರ್ ಹೇಳುತ್ತೆ. ಮನೆ ಮಠ ಕಳ್ಕೊಂಡ ಆ ಜನರ ಸಂಕಟ ಸಣ್ಣದಲ್ಲ.

ಆದರೆ ಪೋಸ್ಟರ್ ಏನೇನು ಬಿಟ್ಟಿದೆ ನೋಡಿ. 1770ರಲ್ಲಿ ನಿಜಗಲ್ ಕೋಟೆ ಮುತ್ತಿಗೆಯಲ್ಲಿ ನಮ್ಮ ಮದಕರಿ ನಿಂತಿದ್ದು ಪೇಶ್ವೆ ಮಾಧವರಾಯನ ಜೊತೆ, ಹೈದರನ ವಿರುದ್ಧ. ಅದಕ್ಕೆ ಮೊದಲು ಹೈದರನಿಗೆ ಕಪ್ಪ ಕೊಟ್ಟುಕೊಂಡಿದ್ದ ಪಾಳೆಯಪಟ್ಟು ಇದು. ಯಾವ ವರ್ಷ ಯಾರ ಕೈ ಮೇಲಾಗುತ್ತೋ ನೋಡಿಕೊಂಡು ನಾಯಕರು ರಾಜಕೀಯ ಮಾಡಿದರು, ಉಳಿಯೋಕೆ ಬೇರೆ ದಾರಿ ಇರಲಿಲ್ಲ. ಇನ್ನು ಹೈದರ, ದುರ್ಗ ಹಿಡಿದ ಅದೇ ವರ್ಷ ಕಡಪದ ಮೇಲೆ ಬಿದ್ದು ಅಲ್ಲಿನ ಪಠಾಣ ನವಾಬನನ್ನೂ ಕಿತ್ತುಹಾಕಿದ. ಅವನಿಗೆ ಬೇಕಾಗಿದ್ದು ನೆಲ, ಕಂದಾಯ.

ಇದೆಲ್ಲ ಹಾಕಿದರೆ ಪೋಸ್ಟರ್ ಕೆಲಸ ಮಾಡಲ್ಲ. ಅಜ್ಜ ತೀರಿಸಿದ ಸಾಲದ ಪತ್ರ ಹಿಡ್ಕೊಂಡು ಬಂದು ಮೊಮ್ಮಗನ ಹತ್ರ ಬಡ್ಡಿ ಕೇಳ್ತಾರಲ್ಲ, ಹಾಗೆ. ಅದೂ ಸಾಲ ಮಾಡಿದವನ ಮೊಮ್ಮಗನನ್ನಲ್ಲ, ಪಕ್ಕದ ಬೀದಿಯವನನ್ನ.

---

ದುರ್ಗದ ಹುಲಿ 77

ಮೇಷ್ಟ್ರೇ, ಅದೇ ಗೆಜೆಟಿಯರ್‌ನಲ್ಲಿ ಇನ್ನೊಂದು ಸಾಲು ಇದೆ. ನಾಯಕನ ಹತ್ರ ಕೆಲಸಕ್ಕಿದ್ದ ಮುಸ್ಲಿಂ ಅಧಿಕಾರಿಗಳೇ ದ್ರೋಹ ಮಾಡಿ ಕೋಟೆ ಬಿಟ್ಟುಕೊಟ್ಟರು ಅಂತ. ಅದನ್ನ ಯಾಕೆ ನುಂಗಿದ್ರಿ?

---

ಹಳೇ ಮೇಷ್ಟ್ರು

ನುಂಗಿಲ್ಲ, ನೀವು ಕೇಳ್ತೀರಿ ಅಂತ ಗೊತ್ತಿತ್ತು. ಆ ಸಾಲು ಇದೆ. ಅದನ್ನೇ ಸರಿಯಾಗಿ ಓದಿ: ಮದಕರಿಯ ಸೈನ್ಯದಲ್ಲಿ ಮುಸ್ಲಿಂ ಅಧಿಕಾರಿಗಳಿದ್ದರು, ಕೋಟೆ ಕಾಯೋ ಕೆಲಸ ಅವರ ಕೈಯಲ್ಲಿ ಕೊಡುವಷ್ಟು ನಾಯಕ ಅವರನ್ನ ನಂಬಿದ್ದ. ಕೆಲವರು ದ್ರೋಹ ಮಾಡಿದರು ಅಂತ ಬರೆದವರೇ ಇದನ್ನೂ ಹೇಳಿದಂತಾಯ್ತು. ದ್ರೋಹದ ಅರ್ಧ ಮಾತ್ರ ಇಟ್ಟುಕೊಂಡು ನಂಬಿಕೆಯ ಅರ್ಧ ಕತ್ತರಿಸಿದರೆ ಅದು ಇತಿಹಾಸ ಹೇಗಾಗುತ್ತೆ? ಕೋಟೆಗಳು ಒಳಗಿನವರಿಂದ ಬಿದ್ದಿದ್ದು ಎಲ್ಲಾ ರಾಜರ ಕಾಲದಲ್ಲೂ ಉಂಟು. ಶ್ರೀರಂಗಪಟ್ಟಣವೂ ಹಾಗೇ ಬಿತ್ತು ಅಂತ ಟಿಪ್ಪುವಿನ ಮಂತ್ರಿ ಮೀರ್ ಸಾದಿಕ್ ಹೆಸರು ಹಿಡಿದು ಇವತ್ತಿಗೂ ಶಾಪ ಹಾಕ್ತಾರೆ.

---

ನೀಲಿ ಸೆರಗು | ಹೊಳಲ್ಕೆರೆ

ಕೋಟೆ ಕೆಳಗಿನ ಅಕ್ಕಾ, ಆ ಚಿತ್ರ ನನಗೂ ಬಂದಿತ್ತು. ನೋಡಿ ಕಣ್ಣಲ್ಲಿ ನೀರು ಬಂತು, ಬೇರೆ ಕಾರಣಕ್ಕೆ.

ಓಬವ್ವ ನಮ್ಮವಳು. ಛಲವಾದಿ ಹೆಣ್ಣುಮಗಳು. ಕಹಳೆ ಮುದ್ದ ಹನುಮನ ಹೆಂಡತಿ. ಗಂಡ ಊಟಕ್ಕೆ ಕೂತಿದ್ದ, ಇವಳು ನೀರು ತರೋಕೆ ತಣ್ಣೀರು ದೋಣಿ ಕಡೆ ಹೋದಳು, ಕಿಂಡಿಯಲ್ಲಿ ಸದ್ದು ಕೇಳ್ತು. ಊಟಕ್ಕೆ ಕೂತವನನ್ನ ಎಬ್ಬಿಸಬಾರದು ಅಂತ ಮನೇಲಿದ್ದ ಒನಕೆ ತಗೊಂಡಳು. ಇಷ್ಟೇ ಕಥೆ. ಭತ್ತ ಕುಟ್ಟೋ ಒನಕೆಯಿಂದಲೇ ಅವಳು ನಮಗೆ ಓಬವ್ವ. ಅದನ್ನ ಕಿತ್ಕೊಂಡು ರಾಜಕುಮಾರಿ ಥರ ಕವಚ ಹಾಕಿ, ಕತ್ತಿ ಕೊಟ್ಟು, ಬೆಳ್ಳಗೆ ಮಾಡಿ ನಿಲ್ಲಿಸಿದ್ದಾರೆ. ಅವಳ ಕೇರಿ ಇಲ್ಲ, ಅವಳ ಕೆಲಸ ಇಲ್ಲ, ಅವಳ ಬಣ್ಣವೂ ಇಲ್ಲ. ಉಳಿಸಿಕೊಂಡಿದ್ದು ಅವಳು ಕೊಂದಳು ಅನ್ನೋದು ಒಂದನ್ನೇ.

ಓಬವ್ವನ ಕಾಲದ ಚಿತ್ರ ಒಂದೂ ಇಲ್ಲ. ನಮ್ಮ ಮನಸ್ಸಲ್ಲಿರೋ ಮುಖ 1972ರ ಸಿನಿಮಾದಲ್ಲಿ ಜಯಂತಿ ಅಮ್ಮ ಮಾಡಿದ್ದು. ಅದರಲ್ಲಾದರೂ ಒನಕೆ ಇತ್ತು, ಸೀರೆ ಕಚ್ಚೆ ಇತ್ತು.

2021ರಿಂದ ಸರ್ಕಾರ ನವೆಂಬರ್ 11ಕ್ಕೆ ಜಯಂತಿ ಮಾಡ್ತಿದೆ. ಅದಕ್ಕೆ ನಮ್ಮ ಜನ ಎಷ್ಟು ವರ್ಷ ಮನವಿ ಕೊಟ್ಟರು ಅಂತ ಈ ಪೋಸ್ಟರ್ ಮಾಡಿದವರಿಗೆ ಗೊತ್ತಿದೆಯಾ? ಆ ಹುಡುಗನಿಗೆ ಮೊದಲು ಇದನ್ನ ಹೇಳಿ. ಅವಳ ಮೇಲೆ ಅಷ್ಟು ಪ್ರೀತಿ ಇದ್ರೆ ನಮ್ಮ ಕೇರಿಗೆ ಬಂದು ಒಂದು ಲೋಟ ನೀರು ಕುಡೀಲಿ.

---

ಜೋಗಿಮಟ್ಟಿ ಗಾಳಿ

ಅಕ್ಕಾ 🙏

---

ಚಂದ್ರವಳ್ಳಿ | ಸದ್ಯಕ್ಕೆ ಮೈಸೂರು

ಬೇರೆ ದೇಶದಲ್ಲೂ ಹೀಗೇನಾ ಅಂತ ಕೇಳಿದ್ರಲ್ಲ. ಎಲ್ಲಾ ಕಡೆ ಹೀಗೇ. ನಾನು ಇದನ್ನೇ ಓದ್ತಿರೋದು, ಒಂದು ಉದಾಹರಣೆ ಪೂರ್ತಿ ಹೇಳ್ತೀನಿ.

ಸರ್ಬಿಯಾದವರಿಗೆ 1389ರ ಕೊಸೊವೊ ಯುದ್ಧ ದೊಡ್ಡ ನೆನಪು. ಅವರ ರಾಜ ಲಾಜರ್ ಸತ್ತ, ಎದುರಿದ್ದ ಒಟ್ಟೋಮನ್ ತುರ್ಕರ ಸುಲ್ತಾನ ಮುರಾದನೂ ಸತ್ತ. 600 ವರ್ಷ ಆದ ಮೇಲೆ, ಸರ್ಬಿಯಾ, ಬೋಸ್ನಿಯಾ ಎಲ್ಲ ಸೇರಿದ್ದ ಯುಗೊಸ್ಲಾವಿಯಾ ದೇಶ ಬಿರುಕು ಬಿಡ್ತಿದ್ದ ಹೊತ್ತಲ್ಲಿ, ಲಾಜರನ ಮೂಳೆಗಳನ್ನ ಪೆಟ್ಟಿಗೆಯಲ್ಲಿಟ್ಟು ಊರೂರು ಮೆರವಣಿಗೆ ಮಾಡಿದರು. 1989ರ ಜೂನ್ 28ಕ್ಕೆ ಸರ್ಬಿಯಾದ ನಾಯಕ ಸ್ಲೊಬೊಡಾನ್ ಮಿಲೊಸೆವಿಚ್ ಆ ರಣರಂಗದಲ್ಲೇ ಲಕ್ಷಾಂತರ ಜನರ ಎದುರು ನಿಂತು, ಆರು ಶತಮಾನ ಆದ ಮೇಲೆ ನಾವು ಮತ್ತೆ ಯುದ್ಧಗಳ ನಡುವೆ ಇದ್ದೀವಿ, ಈಗ ಆಯುಧದ ಯುದ್ಧ ಅಲ್ಲ, ಮುಂದೆ ಆಗಲ್ಲ ಅಂತ ಹೇಳೋಕಾಗಲ್ಲ ಅನ್ನೋ ಅರ್ಥದಲ್ಲಿ ಮಾತಾಡಿದ.

ಆರು ವರ್ಷ ಬಿಟ್ಟು, 1995ರ ಜುಲೈ 11. ಸರ್ಬ್ ಸೇನಾಧಿಕಾರಿ ರಾಟ್ಕೊ ಮ್ಲಾಡಿಚ್ ಬೋಸ್ನಿಯಾದ ಸ್ರೆಬ್ರೆನಿತ್ಸಾ ಪಟ್ಟಣಕ್ಕೆ ನುಗ್ಗಿ, ಕ್ಯಾಮೆರಾ ಮುಂದೆ ನಿಂತು, ಈ ಸೀಮೆಯ ತುರ್ಕರ ಮೇಲೆ ಸೇಡು ತೀರಿಸಿಕೊಳ್ಳೋ ಕಾಲ ಬಂತು ಅಂದ. ಅಲ್ಲಿ ತುರ್ಕರು ಯಾರಿದ್ದರು? ಸರ್ಬರದೇ ಭಾಷೆ ಆಡೋ, ಅದೇ ಊರಲ್ಲಿ ಹುಟ್ಟಿದ ಬೋಸ್ನಿಯಾದ ಮುಸ್ಲಿಮರು. ಕೆಲವೇ ದಿನಗಳಲ್ಲಿ 8,000ಕ್ಕೂ ಹೆಚ್ಚು ಗಂಡಸರು, ಹುಡುಗರನ್ನ ಕೊಂದರು. ಇನ್ನೊಂದು ಕೇಳಿ: 1389ರಲ್ಲಿ ಲಾಜರನ ಪಕ್ಕ ನಿಂತು ಹೋರಾಡಿದವರಲ್ಲಿ ಬೋಸ್ನಿಯಾದ ರಾಜ ಕಳಿಸಿದ ಪಡೆಯೂ ಇತ್ತು.

ಮೇಷ್ಟ್ರು ಹೇಳಿದ್ದೂ ಇದೇ. ಮೊದಲು ನಿಜವಾದ ಒಂದು ಸೋಲು, ನಿಜವಾದ ನೋವು ತಗೊಳ್ತಾರೆ. ಆಮೇಲೆ ನಡುವಿನ ನೂರಾರು ವರ್ಷ ಕತ್ತರಿಸ್ತಾರೆ. ಕೊನೆಗೆ ಸತ್ತುಹೋದ ಶತ್ರುವಿನ ಬಟ್ಟೆ ತಂದು ಪಕ್ಕದ ಮನೆಯವನಿಗೆ ತೊಡಿಸ್ತಾರೆ. ನಿಮ್ಮ ಪೋಸ್ಟರ್‌ನಲ್ಲಿ ಬಿದ್ದವರ ಪಕ್ಕ ಮೊಬೈಲ್ ಇತ್ತು ಅಂದ್ರಲ್ಲ, ಅದು ಕಲಾವಿದ ಮರೆತು ಹಾಕಿದ್ದಲ್ಲ. ಇಡೀ ಪೋಸ್ಟರ್ ಇರೋದೇ ಆ ಮೊಬೈಲ್ ತೋರಿಸೋಕೆ.

---

ಪಿಬಿ ರೋಡ್ ಪ್ರಿಂಟರ್ | ದಾವಣಗೆರೆ

ನಾನು ಫ್ಲೆಕ್ಸ್ ಅಂಗಡಿ ಇಟ್ಟೋನು. ಒಳಗಿನ ವಿಷಯ ಹೇಳ್ತೀನಿ ಕೇಳ್ರಿ.

ಹಿಂದೆ ಉರಿಯೋ ಬೆಂಕಿ, ಹೊಗೆ, ಕೆಂಪು ಆಕಾಶ ಐತಲ್ಲ, ಅದು ಒಂದೇ ಫೈಲ್. ವರ್ಷಗಟ್ಲೆಯಿಂದ ಎಲ್ಲಾ ಡಿಸೈನರ್‌ಗಳ ಕಂಪ್ಯೂಟರ್‌ನಾಗೂ ಐತಿ. ಹೀರೋ ಹುಟ್ಟುಹಬ್ಬಕ್ಕೂ ಅದೇ, ಗಣಪತಿ ಮೆರವಣಿಗೆಗೂ ಅದೇ, ಉರುಸಿಗೂ ಅದೇ. ಕುದುರೆ ಮೇಲಿನ ಮೈ ಒಂದು ಲೇಯರ್, ಮುಖ ಒಂದು ಲೇಯರ್. ಶಿವಾಜಿಗೆ ಮಾಡಿದ ಮೈಗೆ ಮದಕರಿ ಮುಖ ಕೂರಿಸ್ತಾರ, ಅದೇ ಮೈಗೆ ಹಸಿರು ರುಮಾಲು ಹಾಕಿ ಟಿಪ್ಪು ಮಾಡ್ತಾರ. ನನ್ನ ಟೇಬಲ್ ಮ್ಯಾಲೆ ಒಂದೇ ವಾರದಾಗೆ ಎರಡೂ ಕಡೆಯವ್ರ ಆರ್ಡರ್ ಬಂದು, ಕುದುರೆ ಕಾಲಿನ ನೆರಳು ಸಮೇತ ಒಂದೇ ಇತ್ತು.

ಮೊದಲು ಒಂದು ಕತ್ತಿ ಬರೆಯೋಕೆ ಹುಡುಗ ಅರ್ಧ ದಿನ ಕೂರ್ತಿದ್ದ. ಈಗ ಎಐಗೆ ಒಂದು ಸಾಲು ಬರೆದ್ರೆ ಆಯ್ತು, ಗಿರಾಕಿ ವಾಟ್ಸಾಪ್‌ನಾಗೆ ರೆಡಿ ಚಿತ್ರ ಕಳಿಸ್ತಾನೆ, ‘ಅಣ್ಣಾ ಹತ್ತಕ್ಕೆ ಎಂಟು ಹೊಡೀರಿ, ಸಂಜೆಗೆ ಬೇಕು’ ಅಂತಾನೆ. ಯಾರು ಮಾಡಿದ್ದು ಅಂದ್ರೆ ಗ್ರೂಪಿನಾಗೆ ಬಂತು ಅಂತಾನೆ. ಆ ಗ್ರೂಪಿನ ಅಡ್ಮಿನ್ ಯಾವ ಊರೋನು ಅಂತ ಅವನಿಗೇ ಗೊತ್ತಿರಲ್ಲ.

ರಕ್ತ, ಬಿದ್ದ ಹೆಣ, ಈಗಿನ ಕಾಲದ ಬಟ್ಟೆ ಇರೋದು ಬಂದ್ರೆ ನಾನು ಹೊಡೆಯಲ್ಲ. ಗಿರಾಕಿ ಹೋಗ್ತಾನೆ, ಹೋಗ್ಲಿ. ಶಿವಮೊಗ್ಗದಾಗೆ 2022ರ ಆಗಸ್ಟ್ 15ಕ್ಕೆ ಅಮೀರ್ ಅಹ್ಮದ್ ಸರ್ಕಲ್‌ನಾಗೆ ಸಾವರ್ಕರ್ ಫ್ಲೆಕ್ಸ್, ಟಿಪ್ಪು ಫ್ಲೆಕ್ಸ್ ಅಂತ ಏನಾಯ್ತು ನೋಡಿದ್ವಲ್ಲ. ಒಬ್ಬ ಹುಡುಗಗ ಚಾಕು ಬಿತ್ತು, ಊರೆಲ್ಲ 144.

---

ಬಾಷಾನಗರದ ಹುಡುಗ | ದಾವಣಗೆರೆ

ಪ್ರಿಂಟರ್ ಅಣ್ಣ ಹೇಳಿದ್ದು ನಿಜ, ನಮ್ಮ ಕಡೆಗೂ ಬರ್ತವೆ. ನಾನೇ ಹೇಳ್ತೀನಿ, ಬೇರೆಯವರು ಹೇಳೋ ತನಕ ಕಾಯೋದು ಬೇಡ.

ನಮ್ಮ ಫ್ರೆಂಡ್ಸ್ ಗ್ರೂಪಲ್ಲಿ ಬಂದಿದ್ದು: ಟಿಪ್ಪು ಕತ್ತಿ ಎತ್ತಿದ್ದಾರೆ, ಪಕ್ಕದಲ್ಲಿ ಹುಲಿ, ‘ಶ್ರೀರಂಗಪಟ್ಟಣದ ಲೆಕ್ಕ ಬಾಕಿ’. ಯಾರ ಹತ್ರ ಬಾಕಿ? 1799ರಲ್ಲಿ ಬ್ರಿಟಿಷರ ಜೊತೆ ಸೇರಿ ಟಿಪ್ಪು ಮೇಲೆ ಬಂದಿದ್ದು ಹೈದರಾಬಾದಿನ ನಿಜಾಮ. 1791ರಲ್ಲಿ ಮರಾಠರ ದಂಡಿನವರು ಶೃಂಗೇರಿ ಮಠ ಲೂಟಿ ಮಾಡಿದಾಗ ದುಡ್ಡು, ಸಾಮಾನು ಕಳಿಸಿ ಸ್ವಾಮಿಗಳಿಗೆ ಪತ್ರ ಬರೆದಿದ್ದು ಟಿಪ್ಪು. ಇದನ್ನ ಆ ಪೋಸ್ಟರ್ ಮಾಡಿದವನೂ ಹಾಕಲ್ಲ. ಅವನಿಗೂ ಬೇಕಾಗಿರೋದು ಕತ್ತಿ ಒಂದೇ.

ಐಸಿಸ್‌ನವರು ಮಾಡಿದ್ದೂ ಇದೇ. 2014ರ ಜೂನ್‌ನಲ್ಲಿ ಇರಾಕ್ ಸಿರಿಯಾ ಗಡಿಯ ಮಣ್ಣಿನ ದಿಬ್ಬವನ್ನ ಬುಲ್ಡೋಜರ್‌ನಲ್ಲಿ ತಳ್ಳೋ ವಿಡಿಯೋ ಬಿಟ್ಟರು. 1916ರಲ್ಲಿ ಬ್ರಿಟನ್ನು, ಫ್ರಾನ್ಸು ಅರಬರ ನಾಡು ಹಂಚಿಕೊಳ್ಳೋಕೆ ಗುಟ್ಟಾಗಿ ಮಾಡ್ಕೊಂಡ ಸೈಕ್ಸ್ ಪಿಕೊ ಒಪ್ಪಂದ ಮುಗಿಸ್ತಿದ್ದೀವಿ ಅಂತ. ಅರಬರಿಗೆ ಆ ಮೋಸ ಆಗಿದ್ದು ಸುಳ್ಳಲ್ಲ, ಅದಕ್ಕೇ ಆ ವಿಡಿಯೋ ನಾಟಿತು. ಅವರ ಪತ್ರಿಕೆಗೆ ದಾಬಿಕ್ ಅಂತ ಹೆಸರಿಟ್ಟರು, ಅಂತಿಮ ಯುದ್ಧ ನಡೆಯೋ ಜಾಗ ಅಂತ ನಂಬಿಕೆ ಇರೋ ಸಿರಿಯಾದ ಊರು. 2016ರ ಅಕ್ಟೋಬರ್‌ನಲ್ಲಿ ಆ ಊರು ಕೈ ತಪ್ಪಿತು. ಅಂತಿಮ ಯುದ್ಧವೂ ಇಲ್ಲ, ಏನೂ ಇಲ್ಲ. ಅಷ್ಟರೊಳಗೆ ಎಲ್ಲೆಲ್ಲಿಂದಲೋ ಹೋದ ಹುಡುಗರು ಸತ್ತಿದ್ದರು. ಅವರ ಕೈಲಿ ಸತ್ತ ಮುಸ್ಲಿಮರಿಗಂತೂ ಲೆಕ್ಕವಿಲ್ಲ.

ನನ್ನ ತಮ್ಮನಿಗೆ ಹದಿನೇಳು. ಕೋಟೆ ಕೆಳಗಿನ ಅಕ್ಕನಿಗೆ ಇರೋ ಭಯವೇ ನಮ್ಮಮ್ಮನಿಗೂ.

---

ದುರ್ಗದ ಹುಲಿ 77

ಶೃಂಗೇರಿ ಹೇಳಿದೆ, ಕೊಡಗು ಯಾಕೆ ಹೇಳಲ್ಲ?

---

ಬಾಷಾನಗರದ ಹುಡುಗ

ಹೇಳ್ತೀನಿ ಅಣ್ಣ. ಕೊಡಗಿನಿಂದ ಸಾವಿರಾರು ಜನರನ್ನ ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಿದ್ದು ನಿಜ. ಅವರ ಮೊಮ್ಮಕ್ಕಳಿಗೆ ಟಿಪ್ಪು ಅಂದ್ರೆ ನೋವಾಗುತ್ತೆ ಅಂದ್ರೆ ನಾನು ಇಲ್ಲ ಅನ್ನಲ್ಲ. ಎರಡನ್ನೂ ಒಟ್ಟಿಗೆ ಹೇಳಿದ್ರೆ ನನಗೇನೂ ಕಷ್ಟ ಇಲ್ಲ. ಪೋಸ್ಟರ್ ಮಾಡೋರಿಗೆ ಕಷ್ಟ.

---

ಹರಿಹರ ಸೇತುವೆ

ಹಳೇ ಯುದ್ಧ ಅಷ್ಟೇ ಅಲ್ರೀ, ಬೇರೆ ಕಡೆಯ ಹಳೇ ಫೋಟೋನೂ ಇದೇ ಕೆಲಸ ಮಾಡ್ತದ. 2012ರ ಆಗಸ್ಟ್‌ನಾಗೆ ನಾನು ಬೆಂಗಳೂರಾಗೆ ಹೋಟೆಲ್ ಕೆಲಸದಾಗಿದ್ದೆ. ನಮ್ಮ ಜೊತೆ ಅಸ್ಸಾಮಿನ ಹುಡುಗ್ರು ಇದ್ರು. ಆಗ ಅಸ್ಸಾಮಿನ ಕೊಕ್ರಝಾರ್‌ನಾಗೆ ಬೋಡೊಗಳಿಗೂ ಮುಸ್ಲಿಮರಿಗೂ ಗಲಾಟೆ. ಎಸ್‌ಎಂಎಸ್ ಬಂದ್ವು, ಫೋಟೋ ಬಂದ್ವು. ಹೆಣಗಳ ರಾಶಿ ಮುಂದೆ ಬೌದ್ಧ ಸನ್ಯಾಸಿಗಳು ನಿಂತಿರೋದು, ಬರ್ಮಾದಾಗೆ ಮುಸ್ಲಿಮರನ್ನ ಕೊಂದಾರ ಅಂತ. ಅದು 2010ರಾಗೆ ಚೀನಾದ, ಟಿಬೆಟಿಯನ್ನರು ಇರೋ ಯೂಶು ಅನ್ನೋ ಕಡೆ ಭೂಕಂಪ ಆದಾಗ ತೆಗೆದ ಫೋಟೋ! ಸನ್ಯಾಸಿಗಳು ಸತ್ತೋರ ಸಂಸ್ಕಾರ ಮಾಡಾಕ ಬಂದಿದ್ರು. ಆ ಸಿಟ್ಟಿಗೆ ಬೆಂಗಳೂರಾಗೆ ಈಶಾನ್ಯದೋರಿಗೆ ಹೊಡೀತಾರ ಅಂತ ಸುದ್ದಿ ಹಬ್ಬಿ ಸಾವಿರಗಟ್ಲೆ ಜನ ಗುವಾಹಟಿ ರೈಲು ಹತ್ತಿದ್ರು. ನಮ್ಮ ಹುಡುಗ್ರು ಸಂಬಳನೂ ಕೇಳದೆ ಹೊಂಟ್ರು. ರೈಲ್ವೆ ಸ್ಟೇಷನ್‌ನಾಗೆ ಕಾಲಿಡಾಕ ಜಾಗ ಇರ್ಲಿಲ್ಲ. ಸರ್ಕಾರ ಒಂದಷ್ಟು ದಿನ ಎಸ್‌ಎಂಎಸ್ ಕಳಿಸೋದಕ್ಕೇ ಮಿತಿ ಹಾಕ್ತು.

---

ಜೋಗಿಮಟ್ಟಿ ಗಾಳಿ

2013ರ ಉತ್ತರ ಪ್ರದೇಶದ ಮುಜಫ್ಫರ್‌ನಗರ ಗಲಭೆಯಲ್ಲೂ ಅದೇ ಆಗಿದ್ದು. ಪಾಕಿಸ್ತಾನದ ಸಿಯಾಲ್‌ಕೋಟ್‌ನಲ್ಲಿ 2010ರಲ್ಲಿ ಇಬ್ಬರು ಅಣ್ಣತಮ್ಮಂದಿರನ್ನ ಜನ ಹೊಡೆದು ಕೊಂದ ವಿಡಿಯೋನ ಇಲ್ಲೀದೇ ಅಂತ ಹಂಚಿದರು.

---

ಚಂದ್ರವಳ್ಳಿ

2019ರ ಮಾರ್ಚ್ 15, ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್. ಎರಡು ಮಸೀದಿಗಳಲ್ಲಿ 51 ಜನರನ್ನ ಕೊಂದವನ ಬಂದೂಕಿನ ಮೇಲೆ ಬಿಳಿ ಬಣ್ಣದಲ್ಲಿ ಹಳೇ ಯುದ್ಧಗಳ, ಸೇನಾಪತಿಗಳ ಹೆಸರಿದ್ದವು. ಒಟ್ಟೋಮನ್ ತುರ್ಕರು ಹಾಕಿದ 1683ರ ವಿಯೆನ್ನಾ ಮುತ್ತಿಗೆಯೂ ಇತ್ತು. ಅವನು ಆಸ್ಟ್ರೇಲಿಯಾದವನು, ಸತ್ತವರು ಪ್ರಾರ್ಥನೆಗೆ ಬಂದವರು, ಅವರಿಗೂ ವಿಯೆನ್ನಾಕ್ಕೂ ಏನು ಸಂಬಂಧ? ನೇರಪ್ರಸಾರ ಮಾಡಿದ್ದರಿಂದ ಬಂದೂಕೇ ಪೋಸ್ಟರ್ ಆಯ್ತು. ಆಗ ಅಲ್ಲಿನ ಪ್ರಧಾನಿಯಾಗಿದ್ದ ಜಸಿಂಡಾ ಆರ್ಡರ್ನ್ ಅವನ ಹೆಸರು ನನ್ನ ಬಾಯಲ್ಲಿ ಬರಲ್ಲ ಅಂದರು. ನಾನೂ ಬರೆಯಲ್ಲ.

---

ಹಳೇ ಮೇಷ್ಟ್ರು

ನಮ್ಮ ಪಕ್ಕದ್ದೇ ಒಂದು. ಶ್ರೀಲಂಕಾದಲ್ಲಿ ಸಿಂಹಳ ಕಟ್ಟಾಳುಗಳಿಗೆ ದುಟ್ಟಗೆಮುನು ದೊರೆ ಆದರ್ಶ, ತಮಿಳು ರಾಜ ಎಳಾರನನ್ನ ಸೋಲಿಸಿದವನು ಅಂತ. ಎಲ್‌ಟಿಟಿಇ ಬಾವುಟದ ಹುಲಿ ಚೋಳರ ಹುಲಿಯಿಂದ ಬಂದಿದ್ದು. ಎರಡೂ ಕಡೆ ಸಾವಿರಾರು ವರ್ಷದ ಹಿಂದಿನ ರಾಜರು. ಆದರೆ ಸಿಂಹಳರದೇ ಪುರಾತನ ಗ್ರಂಥ ಮಹಾವಂಶ ಏನು ಹೇಳುತ್ತೆ? ಎಳಾರ ನ್ಯಾಯವಂತ. ಅವನು ಬಿದ್ದ ಮೇಲೆ ದುಟ್ಟಗೆಮುನು ತಾನೇ ಸಂಸ್ಕಾರ ಮಾಡಿಸಿ, ಸಮಾಧಿ ಕಟ್ಟಿಸಿ, ಇಲ್ಲಿ ಹಾದು ಹೋಗೋರು ವಾದ್ಯ ನಿಲ್ಲಿಸಿ ಗೌರವ ಕೊಡಬೇಕು ಅಂತ ಕಟ್ಟಳೆ ಮಾಡಿದ. ಯಾವ ಪೋಸ್ಟರ್‌ನಲ್ಲೂ ಈ ಸಮಾಧಿ ಇರಲ್ಲ. ಗೆದ್ದವನು ತಲೆ ಬಾಗಿಸಿದ್ದನ್ನ ತೋರಿಸಿದರೆ ಹುಡುಗರು ಕತ್ತಿ ಹಿಡೀತಾರಾ?

---

ದುರ್ಗದ ಹುಲಿ 77

ಎಳಾರನ ವಿಷಯ ಗೊತ್ತಿರಲಿಲ್ಲ ಮೇಷ್ಟ್ರೇ. ಆದರೂ ನನ್ನ ಮಾತು ಬಿಡಲ್ಲ. ನಮ್ಮ ಇತಿಹಾಸನ ನಾವು ನೆನಪಿಟ್ಕೊಳ್ಳೋದೇ ತಪ್ಪು ಅನ್ನೋ ಥರ ಮಾತಾಡಿದ್ರೆ ಹುಡುಗರು ಆ ಗ್ರೂಪುಗಳಿಗೇ ಹೋಗ್ತಾರೆ. ಅಲ್ಲಾದರೂ ಮದಕರಿ ಹೆಸರು ಹೇಳ್ತಾರೆ. ಸ್ಕೂಲಲ್ಲಿ ಒಂದು ಪ್ಯಾರಾ ಹೇಳಿ ಮುಗಿಸ್ತಾರೆ.

---

ಹಳೇ ಮೇಷ್ಟ್ರು

ಈ ಮಾತಿಗೆ ನಾನು ಪೂರ್ತಿ ಒಪ್ತೀನಿ. ನಾವು ಹೇಳದೆ ಬಿಟ್ಟ ಜಾಗಕ್ಕೇ ಅವರು ಬಂದು ಕೂರೋದು.

---

ಕೋಟೆ ಕೆಳಗಿನವಳು

ಎಲ್ಲರದೂ ಓದಿದೆ. ಅಕ್ಕನ ಮಗನ ಹತ್ರ ಇವತ್ತು ಕೂತೆ. ಬೈಲಿಲ್ಲ. ಚಿತ್ರ ದೊಡ್ಡದು ಮಾಡಿ ನೋಡು ಅಂದೆ. ಕತ್ತಿ ಹಿಡಿದ ಕೈಗೆ ಆರು ಬೆರಳು ಇರೋದನ್ನ ಅವನೇ ಕಂಡುಹಿಡಿದ. ಕೋಟೆ ಗೋಡೆನೂ ನಮ್ಮದಲ್ಲ, ಯಾವುದೋ ರಾಜಸ್ಥಾನದ್ದು ಇದ್ದಂಗಿದೆ ಅಂದ. ದಿನಾ ಕಿಟಕಿಯಿಂದ ಕೋಟೆ ನೋಡೋ ಹುಡುಗ ಅಲ್ವಾ, ಗೊತ್ತಾಗುತ್ತೆ. ‘ಒನಕೆ ಯಾಕಿಲ್ಲ’ ಅಂದೆ, ಸುಮ್ಮನಾದ. ನೀಲಿ ಸೆರಗು ಬರೆದಿದ್ದನ್ನ ಓದೋಕೆ ಕೊಟ್ಟೆ. ಓದಿ ಫೋನ್ ವಾಪಸ್ ಕೊಟ್ಟು ಹೋದ. ಸ್ಟೇಟಸ್ ತೆಗೆದಿದ್ದಾನೆ, ಗ್ರೂಪ್ ಬಿಟ್ಟಿಲ್ಲ.

---

ನೀಲಿ ಸೆರಗು

ಗ್ರೂಪ್ ಬಿಡು ಅಂತ ಈಗಲೇ ಒತ್ತಾಯ ಮಾಡಬೇಡಿ ಅಕ್ಕಾ. ಮುಂದಿನದು ಬಂದಾಗಲೂ ನಿಮಗೆ ತೋರಿಸೋ ಹಾಗಿರಲಿ.

---

ಪಿಬಿ ರೋಡ್ ಪ್ರಿಂಟರ್

ಒಂದು ಪ್ರಶ್ನೆ. ಇಂಥ ಫ್ಲೆಕ್ಸ್ ನಾವು ಹೊಡೆದುಕೊಟ್ರೆ ಕೇಸ್ ನಮ್ಮ ಮ್ಯಾಲೂ ಬರ್ತದಾ? ನಮ್ಮ ಸಂಘದಾಗೆ ಕೆಲವರು ‘ನಾವು ಬರೇ ಪ್ರಿಂಟ್ ಮಾಡೋರು, ನಮಗೇನು’ ಅಂತಾರ.

---

ಲಾಯರಮ್ಮ | ದಾವಣಗೆರೆ

ಬರಬಹುದು ಅಣ್ಣಾ. ಧರ್ಮ, ಜಾತಿ ಹೆಸರಲ್ಲಿ ದ್ವೇಷ ಹಬ್ಬಿಸೋದಕ್ಕೆ ಮೊದಲು ಐಪಿಸಿ 153ಎ ಇತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 196, ಮೂರು ವರ್ಷದ ತನಕ ಜೈಲು. ಚಿತ್ರವೂ ಅದರಲ್ಲಿ ಸೇರುತ್ತೆ, ಬರೀ ಮಾತು ಬರಹ ಅಲ್ಲ. ಏನು ಅಂತ ಗೊತ್ತಿದ್ದೂ ಹೊಡೆದುಕೊಟ್ಟರೆ ‘ನಮಗೇನು’ ಅನ್ನೋದು ಕೋರ್ಟಲ್ಲಿ ನಿಲ್ಲೋದು ಕಷ್ಟ. ಅನುಮತಿ ಇಲ್ಲದೆ ಕಟ್ಟಿದ್ರೆ 1981ರ ಕರ್ನಾಟಕ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ ಬೇರೆ.

ನಿಮ್ಮ ಸಂಘದವರಿಗೆ ರುವಾಂಡಾದ ಕಥೆ ಹೇಳಿ. 1993ರ ಕೊನೆಯಲ್ಲಿ ಕಾಂಗುರಾ ಅನ್ನೋ ಪತ್ರಿಕೆ ಮುಖಪುಟದಲ್ಲಿ ಒಂದು ಮಚ್ಚಿನ ಚಿತ್ರ ಹಾಕಿ, ಪಕ್ಕದಲ್ಲಿ 1959ರಲ್ಲಿ ಹುಟು ಜನಾಂಗದವರು ಮಾಡಿದ ಕ್ರಾಂತಿ ಕಾಲದ ನಾಯಕನ ಫೋಟೋ ಇಟ್ಟಿತು. ಶತ್ರುಗಳನ್ನ ಪೂರ್ತಿ ಸೋಲಿಸೋಕೆ ಯಾವ ಆಯುಧ ಬೇಕು ಅಂತ ಕೇಳಿತ್ತು. 1994ರ ಏಪ್ರಿಲ್‌ನಲ್ಲಿ ಟುಟ್ಸಿ ಜನಾಂಗದವರ ನರಮೇಧ ಶುರುವಾಯ್ತು. ಆ ಸಂಪಾದಕನಿಗೆ, ಬೇರೆ ಆರೋಪಗಳ ಜೊತೆ, ಪತ್ರಿಕೆಯಲ್ಲಿ ಹಾಕಿದ್ದಕ್ಕೂ 2003ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ಶಿಕ್ಷೆ ಕೊಟ್ಟಿತು.

---

ಪಿಬಿ ರೋಡ್ ಪ್ರಿಂಟರ್

ಸರಿ ಮೇಡಂ. ಈ ಸೆಕ್ಷನ್ ನಂಬರ್ ದೊಡ್ಡದಾಗಿ ಹೊಡೆದು ಅಂಗಡಿ ಕೌಂಟರ್ ಮ್ಯಾಲೆ ಅಂಟಿಸ್ತೀನಿ. ಗಿರಾಕಿ ಜೊತೆ ವಾದ ಮಾಡೋದು ತಪ್ತದ. ಸಂಘದ ಮೀಟಿಂಗ್‌ಗೆ ನೀವೇ ಒಂದ್ಸಲ ಬರಾಕ ಆಗ್ತದಾ?

---

ಲಾಯರಮ್ಮ

ಬರ್ತೀನಿ. ಕೋರ್ಟ್ ಇರೋ ದಿನ ಸಂಜೆ ಇಟ್ಕೊಳ್ಳಿ.